ಹಸಿರು ದೀಪ ಉರಿಯುತ್ತಿದೆ, ಡೇಟಾಬೇಸ್ ಏಳುತ್ತಿಲ್ಲ

ಹಿಂದಿನ ಸಂಚಿಕೆಯಲ್ಲಿ ಮಾತಿಗೆ ಮಾತು ಬಂದು ‘ನಿಮ್ಮ ಡಿಆರ್ ಸೈಟಿನಲ್ಲಿರುವ ನಕಲನ್ನು ಒಮ್ಮೆಯಾದರೂ ತೆರೆದು ನೋಡಿದ್ದೀರಾ?’ ಎಂದು ಕೇಳಿದ್ದೆ. ಡಿಆರ್ ಎಂದರೆ ಡಿಸಾಸ್ಟರ್ ರಿಕವರಿ, ಮುಖ್ಯ ಸೈಟ್ (ಪ್ರೈಮರಿ) ಬಿದ್ದರೆ ಕೆಲಸ ಮುಂದುವರಿಸಲು ಬೇರೆಡೆ ಇಟ್ಟ ಸೈಟ್; ಅಲ್ಲಿಗೆ ಡಿಸ್ಕುಗಳನ್ನು ನಕಲಿಸುತ್ತಿರುವುದೇ ರೆಪ್ಲಿಕೇಶನ್. ತೆರೆದು ನೋಡಿದವರು ಗಾಬರಿಯಿಂದ ಬರೆದಿದ್ದಾರೆ. ನೋಡದವರೂ ಬರೆದಿದ್ದಾರೆ, ನೋಡುವುದು ಹೇಗೆ ಎಂದು. ಹದಿನೆಂಟು ವರ್ಷ ಸ್ಟೋರೇಜ್ ಕೆಲಸ ಮಾಡಿ, ಅದರಲ್ಲಿ ಅರ್ಧವನ್ನು ರಾತ್ರಿಪಾಳಿಯಲ್ಲೇ ಕಳೆದ ನನಗೆ ಈ ಪತ್ರಗಳಲ್ಲಿ ಅಪರಿಚಿತ ಅನ್ನುವಂಥದ್ದೇನೂ ಕಾಣಲಿಲ್ಲ. ಹೆಚ್ಚಿನವು ನಾನೇ ಒಂದಲ್ಲ ಒಂದು ಸಲ ಮಾಡಿದ ತಪ್ಪುಗಳು. ಬರೆದವರ ಮತ್ತು ಸಂಸ್ಥೆಗಳ ಹೆಸರು ತೆಗೆದಿದ್ದೇನೆ, ಅಂಕಿಗಳನ್ನು ಹಾಗೇ ಬಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇರುವ ಡಿಸ್ಕುಗಳು ಅಸಿಂಕ್ ರೆಪ್ಲಿಕೇಶನ್ (ಇಲ್ಲಿ ಬರೆದು ಮುಗಿಸಿ, ನಕಲನ್ನು ಆಮೇಲೆ ಕಳಿಸುವುದು) ಮೂಲಕ ಡಿಆರ್ ಸೈಟಿಗೆ ಹೋಗುತ್ತವೆ. ಎರಡು ವರ್ಷದಲ್ಲಿ ಕನ್ಸೋಲ್ ಮೇಲೆ ಒಂದು ದಿನವೂ ಕೆಂಪು ಬಣ್ಣ ಕಂಡಿಲ್ಲ. ಕಳೆದ ಶನಿವಾರ ಮೊದಲ ಬಾರಿಗೆ ಡ್ರಿಲ್ (ಡಿಆರ್ ಕಡೆಯಿಂದ ಎಬ್ಬಿಸುವ ತಾಲೀಮು) ಮಾಡಿದೆವು. ಡಿಆರ್ ಸರ್ವರಿನಲ್ಲಿ ಡಿಸ್ಕುಗಳು ಮೌಂಟ್ ಆದವು. ಡೇಟಾಬೇಸ್ ಮಾತ್ರ ‘ಸರಿಯಾದ ಚೆಕ್‌ಪಾಯಿಂಟ್ ದಾಖಲೆ ಸಿಗಲಿಲ್ಲ’ ಎಂಬರ್ಥದ ಎರರ್ ಕೊಟ್ಟು ಮಲಗಿಬಿಟ್ಟಿತು. ‘ಪಿಜಿ ರೀಸೆಟ್‌ವಾಲ್’ ಓಡಿಸಿದರೆ ಎದ್ದುಬಿಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಓಡಿಸಲೇ? ಎರಡೂ ಕಡೆಯ ಡಿಸ್ಕ್ ಪಟ್ಟಿಯನ್ನೂ ಶೆಡ್ಯೂಲನ್ನೂ ಜೊತೆಗಿಟ್ಟಿದ್ದೇನೆ.

ಉತ್ತರ: ಓಡಿಸಬೇಡಿ. ಅದು ಲಾಗ್ ಅನ್ನು, ಅಂದರೆ ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ದಿನಚರಿಯನ್ನು, ಎಸೆದು ಡೇಟಾಬೇಸನ್ನು ಬಲವಂತವಾಗಿ ಎಬ್ಬಿಸುವ ಸಲಕರಣೆ. ಎದ್ದು ಕೂರುತ್ತದೆ ನಿಜ, ಆದರೆ ಅರ್ಧಕ್ಕೆ ನಿಂತ ವಹಿವಾಟುಗಳಲ್ಲಿ ಯಾವುದು ಆಗಿತ್ತು ಯಾವುದು ಆಗಿರಲಿಲ್ಲ ಎನ್ನುವುದು ಆಮೇಲೆ ಅದಕ್ಕೂ ಗೊತ್ತಿರುವುದಿಲ್ಲ, ನಿಮಗೂ ಗೊತ್ತಿರುವುದಿಲ್ಲ. ಬೇರೆ ಯಾವ ದಾರಿಯೂ ಉಳಿಯದಿದ್ದಾಗ, ಅದೂ ನಕಲಿನ ನಕಲಿನ ಮೇಲೆ ಮಾಡುವ ಕೆಲಸ ಅದು. ನಿಮ್ಮದು ಇನ್ನೂ ಡ್ರಿಲ್. ಪ್ರೈಮರಿ ಸುಖವಾಗಿದೆ. ಈ ಸ್ಥಿತಿಯಲ್ಲಿ ತಪ್ಪು ಸಿಕ್ಕಿದ್ದು ನಿಮ್ಮ ಪುಣ್ಯ.

ಉತ್ತರ ನೀವು ಕಳಿಸಿದ ಪಟ್ಟಿಯಲ್ಲೇ ಇದೆ. ಲಾಗ್ ಇರುವ ಡಿಸ್ಕ್ 5 ನಿಮಿಷಕ್ಕೊಮ್ಮೆ ಹೋಗುತ್ತದೆ, ಡೇಟಾ ಡಿಸ್ಕುಗಳು 15 ನಿಮಿಷಕ್ಕೊಮ್ಮೆ. ‘ಲಾಗ್ ಮುಖ್ಯ, ಅದು ಬೇಗ ಬೇಗ ಹೋಗಲಿ’ ಎಂದು ಯಾರೋ ಒಳ್ಳೆಯ ಮನಸ್ಸಿನಿಂದಲೇ ಹೀಗೆ ಇಟ್ಟಿರಬೇಕು. ಈಗ ನೀವು ಡ್ರಿಲ್ ಶುರು ಮಾಡಿದ ಹೊತ್ತನ್ನು 10 ಗಂಟೆ 27 ನಿಮಿಷ ಎಂದಿಟ್ಟುಕೊಳ್ಳಿ. ಡಿಆರ್ ಕಡೆ ಇರುವ ಡೇಟಾ 10:15ರದ್ದು, ಲಾಗ್ 10:25ರದ್ದು. ಲಾಗ್ ಹೊಸದಾಗಿದ್ದರೆ ಒಳ್ಳೆಯದೇ ಅಲ್ಲವೇ ಎನಿಸುತ್ತದೆ. ಅಲ್ಲ. ಪೋಸ್ಟ್‌ಗ್ರೆಸ್ ಏಳುವಾಗ ಮೊದಲು ಡೇಟಾ ಡೈರೆಕ್ಟರಿಯಲ್ಲಿರುವ ಕಂಟ್ರೋಲ್ ಫೈಲ್ ಓದುತ್ತದೆ. ‘ಕೊನೆಯ ಚೆಕ್‌ಪಾಯಿಂಟ್ ಲಾಗಿನ ಇಂಥ ಜಾಗದಲ್ಲಿದೆ, ಅಲ್ಲಿಂದ ಓದಲು ಶುರು ಮಾಡು’ ಎಂದು ಅದರಲ್ಲಿ ಬರೆದಿರುತ್ತದೆ. ಚೆಕ್‌ಪಾಯಿಂಟ್ ಎಂದರೆ ಅಲ್ಲಿಯವರೆಗಿನ ಬದಲಾವಣೆ ಡೇಟಾ ಫೈಲುಗಳಿಗೆ ಸೇರಿದೆ ಎಂಬ ಗುರುತು. ನಿಮ್ಮ ಕಂಟ್ರೋಲ್ ಫೈಲ್ 10:15ರದ್ದಾದ್ದರಿಂದ ಅದು 10:12ರ ಚೆಕ್‌ಪಾಯಿಂಟ್ ತೋರಿಸುತ್ತಿದೆ ಅನ್ನೋಣ. ಚೆಕ್‌ಪಾಯಿಂಟಿನ ಸಹಜ ಅವಧಿ 5 ನಿಮಿಷ. ಅಂದರೆ 10:25ರ ಹೊತ್ತಿಗೆ ಇನ್ನೆರಡು ಚೆಕ್‌ಪಾಯಿಂಟ್ ಆಗಿಹೋಗಿವೆ, ಹಳೆಯ ಲಾಗ್ ಫೈಲುಗಳು ಹೊಸ ಹೆಸರು ಪಡೆದು ಮುಂದಿನ ಬರವಣಿಗೆಗೆ ಸಾಲಿನಲ್ಲಿ ನಿಂತಿವೆ. ಚೀಟಿ ಹೇಳುವ ಪುಟ ಪುಸ್ತಕದಲ್ಲೇ ಇಲ್ಲ. ಇನ್ನೊಂದು ದಿನ ಇದೇ ಡ್ರಿಲ್ಲನ್ನು 10:17ಕ್ಕೆ ಮಾಡಿದ್ದರೆ ಎರಡೂ 10:15ರ ಸುಮಾರಿನವಾಗಿದ್ದು, ಅದೃಷ್ಟವಿದ್ದರೆ ಎದ್ದೇಬಿಡುತ್ತಿತ್ತು. ಆಗ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ, ತಪ್ಪು ಹಾಗೇ ಉಳಿಯುತ್ತಿತ್ತು.

ಬೇಕಾದ್ದು ಕನ್ಸಿಸ್ಟೆನ್ಸಿ ಗ್ರೂಪ್. ಒಂದು ಡೇಟಾಬೇಸಿಗೆ ಸೇರಿದ ಎಲ್ಲ ಡಿಸ್ಕುಗಳನ್ನು ಒಂದೇ ಗುಂಪಿಗೆ ಹಾಕಿದರೆ ಸ್ಟೋರೇಜ್ ಅವೆಲ್ಲವನ್ನೂ ಒಂದೇ ಕ್ಷಣದಲ್ಲಿ ಹಿಡಿದು ಕಳಿಸುತ್ತದೆ. ಆಗ ಡಿಆರ್ ಕಡೆಯ ನಕಲು, ಪ್ರೈಮರಿಯ ಪ್ಲಗ್ ಕಿತ್ತಾಗ ಡಿಸ್ಕ್ ಹೇಗಿರುತ್ತಿತ್ತೋ ಹಾಗಿರುತ್ತದೆ. ಕರೆಂಟ್ ಹೋಗಿ ಬಂದಾಗ ಎದ್ದೇಳುವುದು ಡೇಟಾಬೇಸಿಗೆ ಹುಟ್ಟುಗುಣ. 5 ನಿಮಿಷ ಬೇಕೋ 15 ನಿಮಿಷ ಬೇಕೋ ನಿಮಗೆ ಬಿಟ್ಟದ್ದು, ಆದರೆ ಎಲ್ಲಕ್ಕೂ ಒಂದೇ ಇರಲಿ. ಡಿಸ್ಕುಗಳು ಎರಡು ಬೇರೆ ಬೇರೆ ಸ್ಟೋರೇಜ್ ಪೆಟ್ಟಿಗೆಗಳಲ್ಲಿ ಹಂಚಿಹೋಗಿದ್ದರೆ ಒಂದೇ ಗುಂಪು ಎರಡನ್ನೂ ಹಿಡಿಯಬಲ್ಲದೇ ಎಂದು ಮೊದಲೇ ಕೇಳಿಕೊಳ್ಳಿ. ಹಲವು ಮಾದರಿಗಳಲ್ಲಿ ಹಿಡಿಯುವುದಿಲ್ಲ.

ನಿಮ್ಮ ಪಟ್ಟಿಯಲ್ಲಿ ಇನ್ನೊಂದಿದೆ, ನೀವು ಕೇಳದೇ ಇದ್ದದ್ದು. ಪ್ರೈಮರಿ ಸರ್ವರಿನಲ್ಲಿ 7 ಡಿಸ್ಕ್ ಇವೆ, ಡಿಆರ್ ಸರ್ವರಿನಲ್ಲಿ 6. ಏಳನೆಯದನ್ನು ಎಂಟು ತಿಂಗಳ ಹಿಂದೆ ಜಾಗ ಸಾಲದೆ ಸೇರಿಸಿ, ಟೇಬಲ್‌ಗಳನ್ನು ಇಡುವ ಹೊಸ ಟೇಬಲ್‌ಸ್ಪೇಸ್ ಮಾಡಿದ್ದೀರಿ. ಡಿಸ್ಕ್ ಕೊಟ್ಟವರಿಗೆ ಅದು ಡೇಟಾಬೇಸಿನದು ಎಂದು ಗೊತ್ತಿರಲಿಲ್ಲ, ಪಡೆದವರಿಗೆ ರೆಪ್ಲಿಕೇಶನ್ ತಾನಾಗಿ ಆಗುವುದಿಲ್ಲ ಎಂದು ಗೊತ್ತಿರಲಿಲ್ಲ. ಕನ್ಸೋಲ್ ಸುಳ್ಳು ಹೇಳಿಲ್ಲ. ಆರು ಡಿಸ್ಕ್ ಕಳಿಸು ಎಂದಿರಿ, ಆರನ್ನು ಕಳಿಸಿ ಹಸಿರು ದೀಪ ಹಚ್ಚಿತು. ಚೆಕ್‌ಪಾಯಿಂಟ್ ತೊಂದರೆ ಇಲ್ಲದೆ ಡೇಟಾಬೇಸ್ ಎದ್ದಿದ್ದರೂ ಆ ಟೇಬಲ್‌ಸ್ಪೇಸಿನ ಟೇಬಲ್ ಮುಟ್ಟಿದ ಕೂಡಲೇ ‘ಫೈಲ್ ಇಲ್ಲ’ ಎನ್ನುತ್ತಿತ್ತು.

ಇದಕ್ಕೆ ನಾನು ಮಾಡಿಕೊಂಡ ಉಪಾಯ ಒಂದು ಚಿಕ್ಕ ಸ್ಕ್ರಿಪ್ಟ್. ರಾತ್ರಿಗೊಮ್ಮೆ ಸರ್ವರಿಗೆ ಕಾಣುವ ಡಿಸ್ಕುಗಳ ಸೀರಿಯಲ್ ನಂಬರುಗಳನ್ನು ಬರೆದುಕೊಂಡು, ರೆಪ್ಲಿಕೇಶನ್ ಗುಂಪಿನಲ್ಲಿರುವ ಸೀರಿಯಲ್ ನಂಬರುಗಳ ಜೊತೆ ತಾಳೆ ನೋಡುತ್ತದೆ. ಒಂದು ಹೆಚ್ಚುಕಡಿಮೆ ಕಂಡರೂ ಮೇಲ್ ಹಾಕುತ್ತದೆ. ಡಿಸ್ಕಿನ ಹೆಸರಿನಿಂದ ತಾಳೆ ನೋಡಬೇಡಿ. ಎಸ್‌ಡಿಬಿ ಎಂದಿದ್ದದ್ದು ರೀಬೂಟ್ ಆದ ಮೇಲೆ ಎಸ್‌ಡಿಸಿ ಆಗಿರಬಹುದು.

ಪ್ರಶ್ನೆ: ನಮ್ಮಲ್ಲಿ ಮಾಪನ ಯಂತ್ರಗಳಿಂದ ಹಗಲು ರಾತ್ರಿ ಒಂದೇ ಸಮನೆ ಡೇಟಾ ಬರುತ್ತದೆ, ದಿನಕ್ಕೆ ಸುಮಾರು 200 ಜಿಬಿ ಬರವಣಿಗೆ. ಡಿಆರ್ ಸೈಟಿಗೆ 1 ಗಿಗಾಬಿಟ್ ಲೈನ್ ಇದೆ, ಪಿಂಗ್ 40 ಮಿಲಿಸೆಕೆಂಡ್. ಜರ್ನಲ್ (ಕಳಿಸಬೇಕಾದ ಬರವಣಿಗೆ ಸಾಲಾಗಿ ಕಾಯುವ ಜಾಗ) ಗಾತ್ರ 200 ಜಿಬಿ. ಪ್ರತಿ ಗುರುವಾರ ಬೆಳಿಗ್ಗೆ ಹತ್ತರ ಆಸುಪಾಸಿಗೆ ‘ಜರ್ನಲ್ ತುಂಬಿದೆ’ ಎಂದು ರೆಪ್ಲಿಕೇಶನ್ ನಿಲ್ಲುತ್ತದೆ. ತಾನೇ ರೀಸಿಂಕ್ ಮಾಡಿಕೊಂಡು (ಎರಡೂ ಕಡೆ ಮತ್ತೆ ಸರಿಸಮ ಮಾಡಿಕೊಂಡು) ಭಾನುವಾರ ರಾತ್ರಿ ಸರಿಹೋಗುತ್ತದೆ. ಗುರುವಾರ ಏನು ಓಡುತ್ತದೆ ಎಂದು ಎಲ್ಲ ಶೆಡ್ಯೂಲ್ ಜಾಲಾಡಿದರೂ ಸಿಗುತ್ತಿಲ್ಲ. ಲೈನ್ ಖಾಲಿಯೇ ಇದೆ ಎಂದು ನೆಟ್‌ವರ್ಕ್ ವಿಭಾಗದವರು ಹೇಳುತ್ತಾರೆ.

ಉತ್ತರ: ಗುರುವಾರವನ್ನು ಬಿಟ್ಟುಬಿಡಿ, ಪಾಪ, ಅದರ ತಪ್ಪೇನೂ ಇಲ್ಲ. ನಿಮ್ಮ ಪತ್ರ ಓದಿ ಕಾಗದದ ಮೇಲೆ ಲೆಕ್ಕ ಹಾಕಿದೆ, ಬಹಳ ದಿನದ ಮೇಲೆ ಒಂದು ಲೆಕ್ಕ ಇಷ್ಟು ಚೆನ್ನಾಗಿ ಕೂಡಿಬಂತು.

ಟಿಸಿಪಿ ಎಂಬುದು ಸ್ವಲ್ಪ ಕಳಿಸಿ, ‘ತಲುಪಿತು’ ಎಂಬ ಉತ್ತರ ಬಂದ ಮೇಲೆ ಮತ್ತಷ್ಟು ಕಳಿಸುವ ವ್ಯವಸ್ಥೆ. ಉತ್ತರಕ್ಕೆ ಕಾಯದೆ ಎಷ್ಟು ಕಳಿಸಬಹುದು ಎಂಬುದೇ ವಿಂಡೋ. ಹಳೆಯ ನಿಯಮದಲ್ಲಿ ಅದರ ಮಿತಿ 64 ಕೆಬಿ, ನಿಖರವಾಗಿ 65,535 ಬೈಟ್. ಹೋಗಿಬರಲು 40 ಮಿಲಿಸೆಕೆಂಡ್ ಎಂದರೆ ಸೆಕೆಂಡಿಗೆ 25 ಸುತ್ತು. 65,535 ಅನ್ನು 25ರಿಂದ ಗುಣಿಸಿ, ಬಿಟ್ ಮಾಡಿದರೆ ಸೆಕೆಂಡಿಗೆ 13 ಮೆಗಾಬಿಟ್ ಚಿಲ್ಲರೆ. ಲೈನ್ 1 ಗಿಗಾಬಿಟ್ ಇರಲಿ, 10 ಗಿಗಾಬಿಟ್ ಇರಲಿ, ಒಂದು ಕನೆಕ್ಷನ್ನಿಗೆ ಸಿಗುವುದು ಇಷ್ಟೇ. ಅದಕ್ಕೇ ನೆಟ್‌ವರ್ಕ್‌ನವರಿಗೆ ಲೈನ್ ಖಾಲಿ ಕಾಣುತ್ತದೆ. ಅವರು ಹೇಳುವುದೂ ನಿಜ.

ಈ ವೇಗದಲ್ಲಿ ದಿನಕ್ಕೆ ಹೋಗುವುದು ಸುಮಾರು 141 ಜಿಬಿ. ಬರುವುದು 200. ದಿನವೂ 59 ಜಿಬಿ, ಅಂದರೆ ಗಂಟೆಗೆ ಎರಡೂವರೆ ಜಿಬಿಗೆ ತುಸು ಕಡಿಮೆ ಜರ್ನಲಿನಲ್ಲಿ ಉಳಿಯುತ್ತದೆ. 200 ಜಿಬಿ ತುಂಬಲು ಬೇಕಾದ್ದು ಸುಮಾರು 82 ಗಂಟೆ. ಭಾನುವಾರ ನಡುರಾತ್ರಿಯಿಂದ 82 ಗಂಟೆ ಎಣಿಸಿ. ಗುರುವಾರ ಬೆಳಿಗ್ಗೆ 10.

ಹಾಗಾದರೆ ಭಾನುವಾರದೊಳಗೆ ಸರಿಹೋಗುವುದು ಹೇಗೆ? ಜರ್ನಲ್ ತುಂಬಿದ ಮೇಲೆ ಸ್ಟೋರೇಜ್ ಪ್ರತಿ ಬರವಣಿಗೆಯನ್ನೂ ಸಾಲಾಗಿ ನೆನಪಿಡುವುದನ್ನು ಬಿಟ್ಟು, ಯಾವ ಬ್ಲಾಕ್ ಬದಲಾಗಿದೆ ಎಂದಷ್ಟೇ ಗುರುತು ಹಾಕಿಕೊಳ್ಳುತ್ತದೆ. ಒಂದೇ ಬ್ಲಾಕನ್ನು ಹತ್ತು ಸಲ ಬರೆದರೂ ಒಮ್ಮೆ ಕಳಿಸಿದರೆ ಮುಗಿಯಿತು. ಹೊರೆ ಇಳಿಯುತ್ತದೆ, ನಿಧಾನವಾಗಿ ಹಿಡಿದು ಹಾಕುತ್ತದೆ. ಆದರೆ ಆ ಮೂರೂವರೆ ದಿನ ಬ್ಲಾಕುಗಳು ಬರೆದ ಕ್ರಮದಲ್ಲಿ ಹೋಗುವುದಿಲ್ಲ, ಡಿಸ್ಕಿನ ಈ ತುದಿಯಿಂದ ಆ ತುದಿಗೆ ಹೋಗುತ್ತವೆ. ಶನಿವಾರ ಪ್ರೈಮರಿ ಸುಟ್ಟುಹೋದರೆ ಡಿಆರ್ ಕಡೆ ಇರುವುದು ಬುಧವಾರದ್ದಷ್ಟು, ಶುಕ್ರವಾರದ್ದಷ್ಟು ಕಲಸಿದ ಡಿಸ್ಕ್. ಅರ್ಧ ವಾರ ನಿಮಗೆ ಡಿಆರ್ ಇದೆ, ಅರ್ಧ ವಾರ ಇಲ್ಲ. ಹಾಗಾಗಿ ಇವತ್ತೇ ಮಾಡಬೇಕಾದ ಕೆಲಸ: ರೀಸಿಂಕ್ ಶುರುವಾಗುವ ಮುಂಚೆ ಡಿಆರ್ ಕಡೆಯ ಡಿಸ್ಕಿನ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಸ್ಥಿತಿಯ ನಕಲು) ತಾನಾಗಿ ಆಗುವಂತೆ ಇಡಿ. ಹಳೆಯದಾದರೂ ಇಡಿಯಾದ ನಕಲು ಕೈಯಲ್ಲಿರಲಿ.

ಮೂಲ ಕಾರಣಕ್ಕೆ ಬಂದರೆ, ವಿಂಡೋ ಹಿಗ್ಗಿಸುವ ಸೌಲಭ್ಯ 1992ರ ಆರ್‌ಎಫ್‌ಸಿ 1323ರಿಂದಲೇ ಇದೆ. ನಿಮ್ಮ ಸ್ಟೋರೇಜಿನಲ್ಲಿ ಅದು ಖಂಡಿತ ಇರುತ್ತದೆ. ಇದ್ದೂ 13 ಮೆಗಾಬಿಟ್ಟಿನಲ್ಲೇ ಗಂಟು ಬಿದ್ದಿದೆ ಎಂದರೆ ನಡುವಿನ ಯಾವುದೋ ಫೈರ್‌ವಾಲ್ ಕನೆಕ್ಷನ್ ಶುರುವಾಗುವ ಮೊದಲ ಪ್ಯಾಕೆಟ್ಟಿನಿಂದ ಆ ಆಯ್ಕೆಯನ್ನು ಕಿತ್ತುಹಾಕುತ್ತಿರಬೇಕು. ಎರಡೂ ತುದಿಯಲ್ಲಿ ಪ್ಯಾಕೆಟ್ ಹಿಡಿದು ಆ ಮೊದಲ ಪ್ಯಾಕೆಟ್ ಒಂದನ್ನೇ ಪಕ್ಕಪಕ್ಕ ಇಟ್ಟು ನೋಡಿ. ಹೊರಡುವಾಗ ‘ವಿಂಡೋ ಸ್ಕೇಲ್’ ಇದ್ದು ತಲುಪುವಾಗ ಇಲ್ಲದಿದ್ದರೆ ಕಳ್ಳ ಸಿಕ್ಕಿದ. ನಿಮ್ಮ ಲೈನ್ ಪೂರ್ತಿ ತುಂಬಲು ಬೇಕಾದ ವಿಂಡೋ 5 ಎಂಬಿ. ನಿಮಗೆ ಅಷ್ಟೂ ಬೇಡ. ಎರಡು ಕನೆಕ್ಷನ್ ಇಟ್ಟರೂ ಸದ್ಯಕ್ಕೆ ಉಸಿರಾಡಬಹುದು, ದಿನಕ್ಕೆ 200 ಜಿಬಿಗೆ ಬೇಕಾದ್ದು ಸರಾಸರಿ 18.5 ಮೆಗಾಬಿಟ್ ಮಾತ್ರ. ಜರ್ನಲ್ ದೊಡ್ಡದು ಮಾಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 400 ಜಿಬಿ ಮಾಡಿದರೆ ಗುರುವಾರದ ಬದಲು ಮುಂದಿನ ಭಾನುವಾರ ಸಂಜೆ ತುಂಬುತ್ತದೆ, ಅಷ್ಟೇ ಲಾಭ.

ಪ್ರಶ್ನೆ: ಸ್ವಿಚ್ ಬದಲಿಸಿದ ಮೇಲೆ ರೆಪ್ಲಿಕೇಶನ್ ‘ಕನೆಕ್ಟೆಡ್’ ಎಂದೇ ತೋರಿಸುತ್ತದೆ, ಪಿಂಗ್ ಹೋಗುತ್ತದೆ, ಲಾಗಿನ್ ಆಗುತ್ತದೆ. ಡೇಟಾ ಮಾತ್ರ ಒಂದು ಬೈಟೂ ದಾಟುವುದಿಲ್ಲ.

ಉತ್ತರ: ಎಂಟಿಯು, ಅಂದರೆ ಒಂದು ಪ್ಯಾಕೆಟ್ ಎಷ್ಟು ಬೈಟ್ ದೊಡ್ಡದಿರಬಹುದು ಎಂಬ ಮಿತಿ. ಎರಡೂ ತುದಿಯಲ್ಲಿ 9000 ಇಟ್ಟಿದ್ದೀರಿ, ನಡುವಿನ ಹೊಸ ಸ್ವಿಚ್ 1500ರಲ್ಲೇ ಇದೆ. ಪಿಂಗ್, ಲಾಗಿನ್ ಎಲ್ಲ ಚಿಕ್ಕ ಪ್ಯಾಕೆಟ್, ನುಸುಳಿ ಹೋಗುತ್ತವೆ. ಡೇಟಾ ತುಂಬಿದ ದೊಡ್ಡ ಪ್ಯಾಕೆಟ್ ಬಾಗಿಲಲ್ಲೇ ಸಿಕ್ಕಿಕೊಂಡು ಸದ್ದಿಲ್ಲದೆ ಬಿದ್ದುಹೋಗುತ್ತದೆ. ಸಾದಾ ಪಿಂಗ್ ಮಾಡಬೇಡಿ. ‘ತುಂಡು ಮಾಡಬೇಡ’ ಎಂಬ ಆಯ್ಕೆ ಹಾಕಿ 8972 ಬೈಟಿನ ಪಿಂಗ್ ಮಾಡಿ (9000ದಲ್ಲಿ ಐಪಿ ಹೆಡರಿನ 20, ಐಸಿಎಂಪಿ ಹೆಡರಿನ 8 ಕಳೆದರೆ ಉಳಿಯುವುದು). ಅದು ಹೋಗದೆ 1472 ಹೋದರೆ ಅನುಮಾನವೇ ಬೇಡ. ನಡುವೆ ಬೇರೆಯವರ ಉಪಕರಣಗಳಿದ್ದರೆ ಎಲ್ಲವನ್ನೂ 9000ಕ್ಕೆ ಏರಿಸಲು ಹೋಗಬೇಡಿ, ನಿಮ್ಮ ಎರಡು ತುದಿಯನ್ನೇ 1500ಕ್ಕೆ ಇಳಿಸಿ ನೆಮ್ಮದಿಯಾಗಿರಿ.

ಪ್ರಶ್ನೆ: ‘ಒಂದು ವಹಿವಾಟೂ ಕಳೆಯಬಾರದು, ಆರ್‌ಪಿಒ ಸೊನ್ನೆ ಇರಬೇಕು’ ಎಂದು ಮೇಲಿನವರ ಆದೇಶ (ಆರ್‌ಪಿಒ ಎಂದರೆ ಅವಘಡದಲ್ಲಿ ಎಷ್ಟು ಹೊತ್ತಿನ ಡೇಟಾ ಕಳೆದರೆ ಒಪ್ಪಬಹುದು ಎಂಬ ಮಿತಿ). 900 ಕಿಲೋಮೀಟರ್ ಫೈಬರ್ ದೂರದ ಡಿಆರ್ ಸೈಟಿಗೆ ಅಸಿಂಕ್ ಇದ್ದದ್ದನ್ನು ಸಿಂಕ್ ಮಾಡಿದೆ. ಮರುದಿನದಿಂದ ಅಪ್ಲಿಕೇಶನ್ ತೆವಳುತ್ತಿದೆ. ಯಾವ ಸೆಟ್ಟಿಂಗ್ ತಪ್ಪಿದೆ?

ಉತ್ತರ: ಬೆಳಕಿನ ಸೆಟ್ಟಿಂಗ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ, ಅಂದರೆ ಮಿಲಿಸೆಕೆಂಡಿಗೆ 200. ನಿಮ್ಮ 900 ಕಿಲೋಮೀಟರ್ ಹೋಗಿಬರಲು 9 ಮಿಲಿಸೆಕೆಂಡ್, ನಡುವಿನ ಉಪಕರಣಗಳ ವಿಳಂಬ ಬೇರೆ. ಸಿಂಕ್ ಎಂದರೆ ಆಚೆ ಕಡೆ ತಲುಪಿದೆ ಎಂಬ ಖಾತ್ರಿ ಬರುವವರೆಗೆ ಇಲ್ಲಿ ‘ಬರೆದಾಯಿತು’ ಎನ್ನುವಂತಿಲ್ಲ. ಮೊದಲು ಅರ್ಧ ಮಿಲಿಸೆಕೆಂಡಿನಲ್ಲಿ ಮುಗಿಯುತ್ತಿದ್ದ ಬರವಣಿಗೆಗೆ ಈಗ ಒಂಬತ್ತೂವರೆ. ಒಂದರ ಹಿಂದೊಂದು ಬರುವ ಕಮಿಟ್ ಸೆಕೆಂಡಿಗೆ 2000 ಆಗುತ್ತಿದ್ದದ್ದು ನೂರು ಚಿಲ್ಲರೆಗೆ ಇಳಿಯುತ್ತದೆ. ಇನ್ನು ಎಸ್‌ಸಿಎಸ್‌ಐ (ಸ್ಟೋರೇಜ್ ಜೊತೆ ಮಾತಾಡುವ ನಿಯಮ) ಬರವಣಿಗೆ ಸ್ವಭಾವತಃ ಎರಡು ಸುತ್ತಿನದು: ಬರೆಯಲೇ ಎಂದು ಕೇಳಿ, ಬರೆ ಎಂದ ಮೇಲೆ ಡೇಟಾ ಕಳಿಸುವುದು. ಅದನ್ನು ಒಂದು ಸುತ್ತಿಗೆ ಇಳಿಸುವ ಸೌಲಭ್ಯ ಹಾಕಿಲ್ಲದಿದ್ದರೆ 18 ಮಿಲಿಸೆಕೆಂಡ್. ಇದನ್ನು ಯಾವ ಮೆನುವಿನಲ್ಲೂ ಸರಿಮಾಡಲಾಗದು. ಸಿಂಕ್ ನಕಲು 100 ಕಿಲೋಮೀಟರಿನ ಒಳಗೆ ಒಂದು ಕಡೆ, ಅಲ್ಲಿಂದ ದೂರಕ್ಕೆ ಅಸಿಂಕ್ ಇನ್ನೊಂದು ಎನ್ನುವುದು ಎಲ್ಲರೂ ಕೊನೆಗೆ ಬಂದು ನಿಲ್ಲುವ ಜಾಗ. ಖರ್ಚಿನ ಮಾತು ಮೇಲಿನವರಿಗೆ ಬಿಡಿ.

ಆದೇಶ ಕೊಟ್ಟವರನ್ನು ಇನ್ನೊಂದು ಕೇಳಿ. ನಡುವಿನ ಲೈನ್ ಕಡಿದರೆ ಪ್ರೈಮರಿ ಬರೆಯುವುದನ್ನು ನಿಲ್ಲಿಸಬೇಕೋ, ಒಬ್ಬಂಟಿಯಾಗಿ ಮುಂದುವರಿಯಬೇಕೋ? ನೆಟ್ಆ್ಯಪ್‌ನಲ್ಲಿ ‘ಸಿಂಕ್’ ಎಂಬ ಪಾಲಿಸಿ ಮುಂದುವರಿಯುತ್ತದೆ, ‘ಸ್ಟ್ರಿಕ್ಟ್‌ಸಿಂಕ್’ ನಿಲ್ಲಿಸುತ್ತದೆ. ಹಿಟಾಚಿಯಲ್ಲಿ ಇದೇ ಆಯ್ಕೆಗೆ ‘ಫೆನ್ಸ್ ಲೆವೆಲ್’ ಎನ್ನುತ್ತಾರೆ. ಮುಂದುವರಿಯುವಂತೆ ಇಟ್ಟಿದ್ದರೆ, ಲೈನ್ ಕಡಿದ ಆ ಹೊತ್ತಿನಲ್ಲೇ ಪ್ರೈಮರಿಯೂ ಬಿದ್ದರೆ, ಸೊನ್ನೆ ಎಂಬ ಆರ್‌ಪಿಒ ಕಾಗದದ ಮೇಲಷ್ಟೇ ಸೊನ್ನೆ. ನಾನು ಕಂಡ ಮಟ್ಟಿಗೆ ‘ನಿಲ್ಲಿಸಿ’ ಎನ್ನುವ ಧೈರ್ಯ ಮಾಡಿದ ಮೇಲಧಿಕಾರಿ ಒಬ್ಬರೇ. ಅವರೂ ಮೂರು ವಾರಕ್ಕೆ ಮನಸ್ಸು ಬದಲಿಸಿದರು.

ಪ್ರಶ್ನೆ: ಎರಡು ಸರ್ವರಿನ ನಡುವೆ ಡಿಆರ್‌ಬಿಡಿ (ಒಂದರ ಡಿಸ್ಕನ್ನು ಇನ್ನೊಂದಕ್ಕೆ ನಕಲಿಸುತ್ತಿರುವ ಲಿನಕ್ಸ್ ತಂತ್ರಾಂಶ) ಇದೆ. ಕೇಬಲ್ ಸಡಿಲವಾಗಿ ಕೆಲವು ನಿಮಿಷ ಸಂಪರ್ಕ ತಪ್ಪಿತು. ಈಗ ಎರಡೂ ಕಡೆ ‘ಸ್ಟ್ಯಾಂಡ್‌ಅಲೋನ್’ ಎನ್ನುತ್ತಿದೆ, ಕರ್ನಲ್ ಲಾಗಿನಲ್ಲಿ ಸ್ಪ್ಲಿಟ್ ಬ್ರೇನ್ ಎಂದಿದೆ. ಎರಡನ್ನೂ ಜೋಡಿಸುವುದು ಹೇಗೆ?

ಉತ್ತರ: ಎರಡನ್ನೂ ಜೋಡಿಸಲು ಬರುವುದಿಲ್ಲ. ಒಂದನ್ನು ಬಿಡಬೇಕು. ಸಂಪರ್ಕ ತಪ್ಪಿದಾಗ ಇಬ್ಬರೂ ‘ಇನ್ನೊಬ್ಬ ಸತ್ತ’ ಎಂದುಕೊಂಡು ಯಜಮಾನರಾದರು, ಇಬ್ಬರ ಮೇಲೂ ಬರವಣಿಗೆ ಆಯಿತು. ಬ್ಲಾಕ್ ಮಟ್ಟದಲ್ಲಿ ಅವನ್ನು ಬೆರೆಸುವ ವಿದ್ಯೆ ಯಾರಲ್ಲೂ ಇಲ್ಲ. ಬಿಡಬೇಕಾದ ಕಡೆ ಅದನ್ನು ಸೆಕೆಂಡರಿ ಮಾಡಿ, ‘ಡಿಸ್ಕಾರ್ಡ್ ಮೈ ಡೇಟಾ’ ಆಯ್ಕೆಯೊಂದಿಗೆ ಕನೆಕ್ಟ್ ಕೊಡಿ. ಉಳಿಯಬೇಕಾದದ್ದೂ ಸ್ಟ್ಯಾಂಡ್‌ಅಲೋನ್ ಆಗಿರುವುದರಿಂದ ಅಲ್ಲಿ ಸಾದಾ ಕನೆಕ್ಟ್ ಕೊಡಿ. ಕಮಾಂಡ್ ಮೂರು ಸಾಲು. ಕೈ ನಡುಗಬೇಕಾದ್ದು ಯಾವ ಸರ್ವರಿನಲ್ಲಿ ಯಾವುದನ್ನು ಕೊಡುತ್ತಿದ್ದೇನೆ ಎಂಬಲ್ಲಿ.

ಅದಕ್ಕೆ ಮೊದಲು ಬಿಡುವ ಕಡೆಯ ಡಿಸ್ಕಿನ ಎಲ್‌ವಿಎಂ ಸ್ನ್ಯಾಪ್‌ಶಾಟ್ ತೆಗೆದಿಡಿ. ಅದರಲ್ಲಿ ಕೆಲವು ನಿಮಿಷದ ನಿಜವಾದ ವಹಿವಾಟು ಇದೆ, ಆಮೇಲೆ ಕೂತು ಹೆಕ್ಕಿ ತೆಗೆಯಬೇಕು. ಇದು ದೊಡ್ಡವರಿಗೂ ತಪ್ಪಿದ್ದಲ್ಲ. 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಸಂಪರ್ಕ ತಪ್ಪಿದ್ದು 43 ಸೆಕೆಂಡ್. ಅಷ್ಟರಲ್ಲಿ ಯಜಮಾನಿಕೆ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ತಾನಾಗಿ ಹೋಯಿತು, ಎರಡೂ ಕಡೆ ಇನ್ನೊಂದರಲ್ಲಿಲ್ಲದ ಬರವಣಿಗೆ ಉಳಿಯಿತು. ಸೇವೆ ಪೂರ್ತಿ ಸರಿಹೋಗಲು ಹಿಡಿದದ್ದು 24 ಗಂಟೆ 11 ನಿಮಿಷ.

ಸ್ನ್ಯಾಪ್‌ಶಾಟಿನ ಬಗ್ಗೆ ಇಷ್ಟು ಒತ್ತಿ ಹೇಳಲು ಸ್ವಂತ ಕಾರಣವೂ ಇದೆ. ಒಂದು ರಾತ್ರಿ, ಎರಡು ಗಂಟೆ ಸುಮಾರು, ಡಿಆರ್‌ನಿಂದ ಪ್ರೈಮರಿಗೆ ಮರಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕನ್ಸೋಲಿನಲ್ಲಿ ಎಡಗಡೆ ಒಂದು ಡಿಸ್ಕ್, ಬಲಗಡೆ ಒಂದು ಡಿಸ್ಕ್, ನಡುವೆ ಬಾಣ. ಎಡಗಡೆ ಇರುವುದು ಮೂಲ ಎಂಬುದು ನನ್ನ ವರ್ಷಗಳ ಅಭ್ಯಾಸ. ಆದರೆ ಎಡಗಡೆ ಕಾಣುತ್ತಿದ್ದದ್ದು ಮೂಲ ಅಲ್ಲ, ‘ನೀವು ಲಾಗಿನ್ ಆದ ಪೆಟ್ಟಿಗೆ’. ಅಂದು ನಾನು ಯಾವತ್ತಿನ ಪೆಟ್ಟಿಗೆ ಬಿಟ್ಟು ಇನ್ನೊಂದಕ್ಕೆ ಲಾಗಿನ್ ಆಗಿದ್ದೆ. ‘ಖಚಿತವೇ?’ ಎಂದು ಕೇಳಿತು, ಖಚಿತ ಎಂದೆ. ನಾಲ್ಕು ಗಂಟೆ ಹಳೆಯ ನಕಲು ಹೊಸದರ ಮೇಲೆ ಹರಿಯಲು ಶುರುವಾಯಿತು, ಬಾಣದ ಪಕ್ಕದ ಶೇಕಡಾ ಅಂಕಿ 3, 4 ಎಂದು ಏರುತ್ತಿದ್ದದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಪಾಳಿ ಮುಗಿಸಿ ಹೋದ ಸಹೋದ್ಯೋಗಿ ಹೋಗುವ ಮುನ್ನ ನನಗೂ ಹೇಳದೆ ಎರಡೂ ಕಡೆ ಸ್ನ್ಯಾಪ್‌ಶಾಟ್ ತೆಗೆದಿಟ್ಟಿದ್ದಳು. ಏಕೆ ತೆಗೆದೆ ಎಂದು ಬೆಳಿಗ್ಗೆ ಕೇಳಿದ್ದಕ್ಕೆ, ‘ನೀವು ಮಾಡ್ತೀರಿ ಅಂತ ಗೊತ್ತಿತ್ತಲ್ಲ ಸಾರ್’ ಎಂದಳು. ಅಂದಿನಿಂದ ಎಲ್ಲ ಡಿಸ್ಕಿನ ಹೆಸರಿನಲ್ಲೂ ಅದು ಯಾವ ಸೈಟಿನದು ಎಂದು ಸೇರಿಸುತ್ತೇನೆ. ವಾಲ್ಯೂಮ್ 17 ಎಂಬ ಹೆಸರು ಎರಡೂ ಕಡೆ ಇದ್ದರೆ ಅದು ಹೆಸರೇ ಅಲ್ಲ.

ಮತ್ತೆ ಹೀಗಾಗದಿರಲು: ಪರಸ್ಪರ ಜೀವಂತಿಕೆ ಕೇಳುವ ದಾರಿ ಡೇಟಾ ಹೋಗುವ ಕೇಬಲ್ ಒಂದೇ ಆಗಿರಬಾರದು, ಕನಿಷ್ಠ ಎರಡು ಬೇಕು. ಕ್ಲಸ್ಟರಿನಲ್ಲಿ ಫೆನ್ಸಿಂಗ್ (ಸಂಪರ್ಕ ತಪ್ಪಿದ ಸರ್ವರ್ ಬರೆಯದಂತೆ ಕಟ್ಟಿಹಾಕುವುದು) ‘ಆಮೇಲೆ ಮಾಡೋಣ’ ಎಂದು ನಿಲ್ಲಿಸಿಟ್ಟಿದ್ದರೆ ಇಂದೇ ಹಚ್ಚಿ. ಡಿಆರ್‌ಬಿಡಿ 9ನೇ ಆವೃತ್ತಿಯಲ್ಲಿ ಡಿಸ್ಕ್ ಇಲ್ಲದ ಮೂರನೇ ಸರ್ವರನ್ನು ಮತ ಹಾಕಲು ಮಾತ್ರ ಇಟ್ಟುಕೊಳ್ಳಬಹುದು. ಹಳೆಯ ಸಣ್ಣ ಯಂತ್ರವೂ ಸಾಕು.

ಪ್ರಶ್ನೆ: ರೆಪ್ಲಿಕೇಶನ್ ಇದೆಯಲ್ಲ, ಬ್ಯಾಕಪ್ ನಿಲ್ಲಿಸಬಹುದೇ?

ಉತ್ತರ: ಬೇಡ. ಅಳಿಸಿದ್ದನ್ನೂ ಅದು ಅಷ್ಟೇ ನಿಷ್ಠೆಯಿಂದ ಆಚೆ ಕಡೆ ಅಳಿಸುತ್ತದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಹಿಂದುಳಿದಿದ್ದ ರೆಪ್ಲಿಕೇಶನ್ ಸರಿಮಾಡಲು ಹೋದ ಎಂಜಿನಿಯರ್, ಸೆಕೆಂಡರಿಯ ಡೇಟಾ ಡೈರೆಕ್ಟರಿ ಎಂದುಕೊಂಡು ಪ್ರೈಮರಿಯದನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ದಿನದ ಬ್ಯಾಕಪ್ ಆವೃತ್ತಿ ಹೊಂದದೆ ಬಹಳ ದಿನದಿಂದ ವಿಫಲವಾಗುತ್ತಿತ್ತು, ಎಚ್ಚರಿಕೆಯ ಮೇಲ್‌ಗಳು ತಲುಪುತ್ತಲೇ ಇರಲಿಲ್ಲ. ಕಾಪಾಡಿದ್ದು ಆರು ಗಂಟೆ ಮುಂಚೆ ಬೇರೊಂದು ಕೆಲಸಕ್ಕೆ ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್. ಇದೆಲ್ಲವನ್ನೂ ಅವರೇ ಮುಚ್ಚುಮರೆ ಇಲ್ಲದೆ ಬರೆದು ಪ್ರಕಟಿಸಿದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಮೊದಲು, ನಿಮ್ಮ ಬ್ಯಾಕಪ್ಪಿನ ಎಚ್ಚರಿಕೆ ಮೇಲ್ ಯಾರ ಪೆಟ್ಟಿಗೆಗೆ ಬರುತ್ತಿದೆ, ಅವರು ಇನ್ನೂ ಅದೇ ಕೆಲಸದಲ್ಲಿದ್ದಾರೆಯೇ ನೋಡಿ.

ಪ್ರಶ್ನೆ: ಕನ್ಸೋಲ್ ನಂಬಬೇಡಿ ಎನ್ನುತ್ತೀರಿ. ಹಾಗಾದರೆ ಬೆಳಿಗ್ಗೆ ಕೆಲಸಕ್ಕೆ ಬಂದ ಕೂಡಲೇ ನೀವು ನೋಡುವುದು ಏನನ್ನು?

ಉತ್ತರ: ಒಂದು ಸಾಲು. ಡೇಟಾಬೇಸಿನಲ್ಲಿ ಒಂದೇ ಸಾಲಿನ ಒಂದು ಟೇಬಲ್ ಮಾಡಿ, ಪ್ರೈಮರಿಯಲ್ಲಿ ನಿಮಿಷಕ್ಕೊಮ್ಮೆ ಆಗಿನ ಸಮಯವನ್ನು ಅದರಲ್ಲಿ ಬರೆಯುವ ಜಾಬ್ ಹಾಕಿದ್ದೇನೆ. ಬೆಳಿಗ್ಗೆ ಐದಕ್ಕೆ ಡಿಆರ್ ಕಡೆ ನಕಲಿನ ಒಂದು ಕ್ಲೋನ್ ತಾನಾಗಿ ಆಗುತ್ತದೆ. ಅದನ್ನು ಹೊರಗಿನ ನೆಟ್‌ವರ್ಕ್ ಇಲ್ಲದ ಸರ್ವರಿಗೆ ಕೊಟ್ಟು, ಡೇಟಾಬೇಸ್ ಎಬ್ಬಿಸಿ, ಆ ಸಾಲು ಓದಿ ಮೇಲ್ ಹಾಕಿ, ಕ್ಲೋನ್ ಅಳಿಸಿಬಿಡುತ್ತದೆ. ರೆಪ್ಲಿಕೇಶನ್ನನ್ನು ಒಂದು ಕ್ಷಣವೂ ನಿಲ್ಲಿಸುವುದಿಲ್ಲ. ಮೇಲ್ ಬಂದಿದೆ ಎಂದರೆ ಡಿಸ್ಕುಗಳು ಬಂದಿವೆ, ಕ್ರಮದಲ್ಲಿ ಬಂದಿವೆ, ಡೇಟಾಬೇಸ್ ಎದ್ದಿದೆ. ಅದರಲ್ಲಿರುವ ಸಮಯವನ್ನು ಐದು ಗಂಟೆಯಿಂದ ಕಳೆದರೆ ಎಷ್ಟು ಹಿಂದಿದ್ದೇವೆ ಎಂಬುದೂ ತಿಳಿಯಿತು. ಹಿಂದೆ ಹೇಳಿದ ಏಳನೇ ಡಿಸ್ಕಿನಂಥ ತಪ್ಪು ಹಿಡಿಯಲು ಪ್ರತಿ ಟೇಬಲ್‌ಸ್ಪೇಸಿನಲ್ಲೂ ಇಂಥದೊಂದು ಸಾಲು ಇಡಬೇಕು. ಕ್ಲೋನನ್ನು ಮೂಲ ಡಿಸ್ಕ್ ಇರುವ ಸರ್ವರಿಗೇ ಕೊಟ್ಟು ಪರೀಕ್ಷಿಸುವವರಿಗೆ ಒಂದು ಮಾತು: ಎಕ್ಸ್‌ಎಫ್‌ಎಸ್ ಫೈಲ್ ಸಿಸ್ಟಂ ಆದರೆ ಎರಡಕ್ಕೂ ಒಂದೇ ಯುಯುಐಡಿ (ಗುರುತಿನ ಸಂಖ್ಯೆ) ಎಂದು ಮೌಂಟ್ ಮಾಡಲು ಒಪ್ಪುವುದಿಲ್ಲ. ‘ನೋಯುಯುಐಡಿ’ ಆಯ್ಕೆ ಕೊಟ್ಟರೆ ಒಪ್ಪುತ್ತದೆ, ಆದರೆ ಬೇರೆ ಸರ್ವರೇ ಲೇಸು.

ಎರಡು ವರ್ಷದ ಹಿಂದೆ ಒಂದು ಸೋಮವಾರ ಆ ಮೇಲಿನಲ್ಲಿ ಬಂದ ಸಮಯ ಶುಕ್ರವಾರ ಸಂಜೆ 6:40. ಕನ್ಸೋಲ್ ತೆರೆದರೆ ಎಲ್ಲವೂ ಹಸಿರು, ಸ್ಥಿತಿ ‘ಐಡಲ್, ಹೆಲ್ದಿ’. ಶುಕ್ರವಾರ ಸಂಜೆ ಸ್ವಿಚ್ ಕೆಲಸಕ್ಕೆಂದು ಶೆಡ್ಯೂಲನ್ನು ತಡೆಹಿಡಿದವರು ಮತ್ತೆ ಹಚ್ಚುವುದನ್ನು ಮರೆತು ಮನೆಗೆ ಹೋಗಿದ್ದರು. ಕೊನೆಯ ವರ್ಗಾವಣೆ ಯಶಸ್ವಿಯಾಗಿತ್ತು, ಮುಂದಿನದಕ್ಕೆ ಯಾರೂ ಹೇಳಿರಲಿಲ್ಲ, ಆದ್ದರಿಂದ ಅದರ ಲೆಕ್ಕದಲ್ಲಿ ಯಾವ ತೊಂದರೆಯೂ ಇರಲಿಲ್ಲ. ತಡೆಹಿಡಿದವನು ನಾನೇ ಎಂದು ಆಡಿಟ್ ಲಾಗ್ ನೋಡಿದ ಮೇಲೆ ಗೊತ್ತಾಯಿತು.